ತೊಡೆ ಹಿಡಿದದ್ದು ಹಣೆಬರಹವಲ್ಲ

ಚಳ್ಳಕೆರೆ, ಮೊಳಕಾಲ್ಮುರು ಕಡೆಯ ಶಾಲಾ ಕ್ರೀಡಾಕೂಟ ನೋಡಿದವರಿಗೆ ಇದು ಹೊಸದಲ್ಲ. ಚೆಂಡಿನ ಹಿಂದೆ ಬಿದ್ದು ಓಡುತ್ತಿದ್ದ ಹುಡುಗ, ಯಾರೂ ಮುಟ್ಟದಿದ್ದರೂ ತಟ್ಟನೆ ನಿಲ್ಲುತ್ತಾನೆ. ಕೈ ತೊಡೆಯ ಹಿಂದಕ್ಕೆ ಹೋಗುತ್ತದೆ. ಕುಂಟುತ್ತ ಸುಣ್ಣದ ಗೆರೆಯಾಚೆ ಬಂದು ಕೂರುತ್ತಾನೆ. ‘ನರ ಹಿಡ್ಕಂಡೈತೆ’ ಎನ್ನುತ್ತಾರೆ ಒಬ್ಬರು, ಇನ್ನೊಬ್ಬರು ಎಣ್ಣೆ ತಿಕ್ಕುತ್ತಾರೆ. ಶೇಂಗಾ ಎಣ್ಣೆಗೆ ಹೆಸರಾದ ಸೀಮೆ, ಎಣ್ಣೆಗೇನು ಬರ! ಆದರೆ ಅಲ್ಲಿ ನರ ಹಿಡಿದಿರುವುದಿಲ್ಲ, ಬಹುತೇಕ ಸಲ ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್ ಸ್ನಾಯು ಹರಿದಿರುತ್ತದೆ. ಆಗಷ್ಟೇ ಹರಿದದ್ದನ್ನು ತಿಕ್ಕಿದರೆ ಒಳಗಿನ ರಕ್ತಸ್ರಾವ ಹೆಚ್ಚುವ ಭಯವೂ ಇದೆ.

ಇದರ ಹೊಣೆ ಹುಡುಗನದಲ್ಲ, ಸಂಘಟಕರದು. ಮಕ್ಕಳನ್ನು ಬಿಸಿಲಲ್ಲಿ ಸಾಲಾಗಿ ಕೂರಿಸಿ, ಭಾಷಣ ಮುಗಿದ ಕೂಡಲೇ ಸೀಟಿ ಊದುವವರು ಅವರೇ. ಹಾರ ತುರಾಯಿಗೆ ಗಂಟೆಗಟ್ಟಲೆ ಸಿಗುವ ಹೊತ್ತು, ಮೈ ಬಿಸಿ ಮಾಡಿಕೊಳ್ಳಲು ಹತ್ತು ನಿಮಿಷ ಸಿಗುವುದಿಲ್ಲ.

ಮೈ ಬಿಸಿ ಮಾಡಿಕೊಂಡರಷ್ಟೇ ಸಾಲದು. ವೇಗವಾಗಿ ಓಡುವಾಗ ಮುಂದೆ ಚಾಚಿದ ಕಾಲು ನೆಲ ಮುಟ್ಟುವ ಮೊದಲು ಹ್ಯಾಮ್‌ಸ್ಟ್ರಿಂಗ್ ತಾನು ಹಿಗ್ಗುತ್ತಲೇ ಕಾಲಿಗೆ ಬ್ರೇಕ್ ಹಾಕಬೇಕು. ಇಳಿಜಾರಿನಲ್ಲಿ ಎತ್ತುಗಳು ಗಾಡಿಯ ಭಾರವನ್ನು ತಡೆದು ಇಳಿಯುವಂತೆ. ಪಂದ್ಯದ ದಿನ ಎರಡು ಸಲ ಬಗ್ಗಿ ಕಾಲ್ಬೆರಳು ಮುಟ್ಟಿದರೆ ಹಾಗೆ ತಡೆಯುವ ಬಲ ಬಾರದು. ವಾರಗಟ್ಟಲೆ ಬೆಳೆಸಬೇಕು. ಅದಕ್ಕಿರುವುದು ನಾರ್ಡಿಕ್ ವ್ಯಾಯಾಮ. ಗೋಣಿಚೀಲದ ಮೇಲೆ ಮಂಡಿಯೂರಿ, ಗೆಳೆಯ ಹಿಮ್ಮಡಿ ಒತ್ತಿ ಹಿಡಿದಿರುವಾಗ, ಬೆನ್ನು ಬಾಗಿಸದೆ ಮೆಲ್ಲಗೆ ಮುಂದಕ್ಕೆ ವಾಲಬೇಕು. ತಡೆಯಲಾಗದಾಗ ಅಂಗೈ ಊರಬೇಕು. ಡೆನ್ಮಾರ್ಕ್‌ನ 942 ಫುಟ್‌ಬಾಲ್ ಆಟಗಾರರ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇದನ್ನು ಮಾಡಿದ 461 ಮಂದಿಗೆ 15 ಹ್ಯಾಮ್‌ಸ್ಟ್ರಿಂಗ್ ಗಾಯಗಳಾದವು, ಮಾಡದ 481 ಮಂದಿಗೆ 52. ಖರ್ಚು ಒಂದು ಗೋಣಿಚೀಲ. ಅನುದಾನ ಬಂದಿಲ್ಲವೆಂಬ ನೆವ ಇಲ್ಲಿ ನಡೆಯದು.

ದೈಹಿಕ ಶಿಕ್ಷಕರಿಲ್ಲದ ಶಾಲೆಗಳಿವೆ, ಒಪ್ಪೋಣ. ಮೈದಾನವೆಂದರೆ ಜಾಲಿಮುಳ್ಳು ಗುಡಿಸಿದ ಗಟ್ಟಿ ನೆಲ, ಅದನ್ನೂ ಒಪ್ಪೋಣ. ಒಪ್ಪಲಾಗದ್ದು ಆಮೇಲೆ ನಡೆಯುವುದು. ಹೋಬಳಿ ಪಂದ್ಯದಲ್ಲಿ ಕುಂಟಿದವನಿಗೆ ಬ್ಯಾಂಡೇಜ್ ಸುತ್ತಿ, ‘ಏನಾಗಲ್ಲ, ಆಡು’ ಎಂದು ವಾರದೊಳಗೆ ತಾಲ್ಲೂಕು ಪಂದ್ಯಕ್ಕೆ ಇಳಿಸುತ್ತಾರೆ. ಒಮ್ಮೆ ಹರಿದ ಸ್ನಾಯುವೇ ಮತ್ತೆ ಹರಿಯುವ ಅಪಾಯ ಎಲ್ಲಕ್ಕಿಂತ ಹೆಚ್ಚು. ನೋವಿಲ್ಲದೆ ಪೂರ್ತಿ ವೇಗದಲ್ಲಿ ಓಡಿ ತೋರಿಸುವವರೆಗೆ ಆ ಹುಡುಗ ತಂಡದಲ್ಲಿ ಇರಕೂಡದು. ಇದ್ದರೆ, ತಂಡದ ಪಟ್ಟಿಗೆ ಸಹಿ ಹಾಕಿದವರು ಅವನ ಮನೆಗೆ ಹೋಗಿ ಉತ್ತರ ಕೊಡಲಿ.