ಮನೆಯಲ್ಲಿ ಮೈಗೊಂದು ಕೋಣೆ

ಮನೆ ನೋಡಲು ಹೊರಟವರು ಕೇಳುವ ಪ್ರಶ್ನೆಗಳು ಬಹುಮಟ್ಟಿಗೆ ನಮಗೆಲ್ಲ ಗೊತ್ತಿರುವಂಥವೇ. ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ? ಬಾಗಿಲು ಯಾವ ದಿಕ್ಕಿಗಿದೆ? ದೇವರ ಕೋಣೆ ಪ್ರತ್ಯೇಕವಾಗಿದೆಯೆ? ಕಾರು ನಿಲ್ಲಿಸಲು ಸ್ಥಳವುಂಟೆ? ಮುಂದೆ ಮಗನಿಗಾಗಿ ಮೇಲೊಂದು ಅಂತಸ್ತು ಏರಿಸಬಹುದೆ? ಇವೆಲ್ಲ ಕೇಳತಕ್ಕ ಪ್ರಶ್ನೆಗಳೇ. ಆದರೆ ಆ ಮನೆಯೊಳಗೆ ಬಾಳಿ ಬದುಕಬೇಕಾದ ದೇಹವು ಎಲ್ಲಿ ಕೈಕಾಲು ಚಾಚೀತು ಎಂದು ಕೇಳಿದವರನ್ನು ನಾನು ಈಚಿನವರೆಗೆ ಕಂಡಿರಲಿಲ್ಲ.

ಕಳೆದ ಚಳಿಗಾಲದಲ್ಲಿ ಅಂಥವರೊಬ್ಬರು ದೊರೆತರು. ಔರಾದ ಕಡೆಯವರು, ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದ ಮಾಸ್ತರರು. ಕೈಗೆ ಬಂದ ಹಣದಲ್ಲಿ ಮನೆಯೊಂದನ್ನು ಮಾಡಿಕೊಳ್ಳಬೇಕೆಂದಿದ್ದರು. ಅವರ ಪಟ್ಟಿಯ ಮೊದಲ ಸಾಲಿನಲ್ಲಿಯೇ ‘ವ್ಯಾಯಾಮದ ಕೋಣೆ’ ಎಂದಿತ್ತು. “ಬೀದರದಾಗ ಒಂದು, ಭಾಲ್ಕಿಯಾಗ ಒಂದು ಮನಿ ನೋಡೀವಿ. ಔರಾದದಾಗ ಹಿರೇರ ಮನಿ ಇದ್ದೇ ಅದ. ನೀವೂ ಒಮ್ಮೆ ಬಂದು ನೋಡ್ರಿ, ಅಕ್ಕಾರ” ಎಂದರು. ಅವರ ಶ್ರೀಮತಿಯವರೂ ಜೊತೆಗಿದ್ದರು. ಆದರೆ ಅಂದು ಆಕೆ ಏನೂ ಹೇಳಲಿಲ್ಲ.

ಮೊದಲ ಮನೆ ಹಳೆಯ ಬೀದರದಲ್ಲಿ, ಚೌಬಾರಕ್ಕೆ ಸಮೀಪದಲ್ಲಿತ್ತು. ವ್ಯಾಯಾಮವೆಂಬುದು ಆ ಊರಿಗೆ ಹೊಸತಲ್ಲ. ಅಲ್ಲಿನ ಓಣಿಗಳ ಹೆಸರನ್ನೇ ಕೇಳಿರಿ: ನೂರ್‌ಖಾನ್ ತಾಲೀಮು, ಮನಿಯಾರ್ ತಾಲೀಮು, ಪನ್ಸಾಲ್ ತಾಲೀಮು, ಸಿದ್ದಿ ತಾಲೀಮು. ಮೈಸೂರು ಸೀಮೆಯವರು ಗರಡಿಮನೆ ಎನ್ನುವುದನ್ನು ಇಲ್ಲಿಯವರು ತಾಲೀಮು ಎನ್ನುತ್ತಾರೆ. ಹದಗೊಳಿಸಿದ ಕೆಮ್ಮಣ್ಣಿನ ನೆಲ, ಗೋಡೆಗೆ ಒರಗಿಸಿದ ಮುದ್ಗರ, ಮೂಲೆಯಲ್ಲಿ ಎತ್ತುವ ಗುಂಡುಕಲ್ಲು. ಇಷ್ಟೇ ಅದರ ಸಂಪತ್ತು. ಓಣಿಯ ಹುಡುಗರು ಅಲ್ಲಿ ಸೇರಿ ದಂಡ ಹೊಡೆದು, ಬಸ್ಕಿ ತೆಗೆದು, ಕುಸ್ತಿ ಆಡಿ ಮನೆಗೆ ಬರುತ್ತಿದ್ದರು. ಓಣಿಯಲ್ಲಿಯೇ ತಾಲೀಮು ಇದ್ದ ಮೇಲೆ ಮನೆಯೊಳಗೆ ಅದಕ್ಕೊಂದು ಕೋಣೆ ಏತಕ್ಕೆ?

ಇದು ಗಂಡಸರ ಮಾತಾಯಿತು. ಹೆಂಗಸರಿಗೆ ತಾಲೀಮಿನ ಬಾಗಿಲು ತೆರೆದಿರಲಿಲ್ಲ. ಅವರಿಗೆ ಬೀಸುವ ಕಲ್ಲು, ಒರಳು, ಬಾವಿಯ ಹಗ್ಗ. ‘ನಮ್ಮಜ್ಜಿಯರಿಗೆ ಅದೇ ವ್ಯಾಯಾಮವಾಗಿತ್ತು’ ಎಂದು ಹೊಗಳುವವರಿದ್ದಾರೆ. ನಾನು ಒಪ್ಪಲಾರೆ. ಅದು ವ್ಯಾಯಾಮವಲ್ಲ, ದುಡಿಮೆ. ಬೆನ್ನು ನೋಯುತ್ತಿದ್ದರೂ, ಬಸುರಿಯಾಗಿದ್ದರೂ ತಪ್ಪಿಸಿಕೊಳ್ಳಲಾಗದ ದುಡಿಮೆ. ಇಂದು ಬೀಸುವ ಕಲ್ಲು ಹೋಗಿ ಗಿರಣಿ ಬಂದಿದೆ, ಬಾವಿಯ ಹಗ್ಗ ಹೋಗಿ ನಲ್ಲಿ ಬಂದಿದೆ. ಬಂದುದು ಒಳ್ಳೆಯದೇ. ಆದರೆ ದುಡಿಮೆ ತೆರವು ಮಾಡಿದ ಸ್ಥಳಕ್ಕೆ ವ್ಯಾಯಾಮ ಬರಲಿಲ್ಲ, ಸಕ್ಕರೆ ಕಾಯಿಲೆ ಬಂದಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ ಈ ಕಾಯಿಲೆಯವರು 10 ಕೋಟಿಗೂ ಮಿಕ್ಕಿದ್ದಾರೆ.

ಇರಲಿ, ಮನೆಯ ವಿಷಯಕ್ಕೆ ಬರೋಣ. ಬೀದರದ ಆ ಮನೆ ಕೆಂಪು ಜಂಬಿಟ್ಟಿಗೆಯದು. ನೆಲದಿಂದ ಕಡಿದು ತೆಗೆಯುವಾಗ ಮೆತ್ತಗಿದ್ದು, ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುವ ಕಲ್ಲು ಅದು. ಬಹಮನಿ ಸುಲ್ತಾನರ ಕೋಟೆಯ ಸುತ್ತಲಿನ ಮೂರು ಸಾಲಿನ ಕಂದಕವನ್ನು ಕಡಿದುದೂ ಇದೇ ಬಂಡೆಯಲ್ಲಿ. ಗೋಡೆ ದಪ್ಪವಾಗಿ, ಮನೆ ತಂಪಾಗಿತ್ತು. ಆದರೆ ಮಾರುವವರು ‘ವ್ಯಾಯಾಮಕ್ಕೆ ಇದಾಗಬಹುದು’ ಎಂದು ತೋರಿಸಿದುದು ಧಾನ್ಯದ ಚೀಲಗಳನ್ನಿಡುತ್ತಿದ್ದ ನಡುಕೋಣೆಯನ್ನು. ಅದಕ್ಕೆ ಕಿಟಕಿಯೇ ಇಲ್ಲ. ಕುಳಿತ ಮನುಷ್ಯನಿಗಿಂತ ದುಡಿಯುವ ಮನುಷ್ಯನಿಗೆ ಗಾಳಿ ಹಲವು ಪಾಲು ಹೆಚ್ಚು ಬೇಕು. ಎದುರುಬದುರಾಗಿ ಎರಡು ಕಿಟಕಿ, ಇಲ್ಲವೆ ಒಂದು ಕಿಟಕಿ ಮತ್ತು ಅದರೆದುರಿಗೆ ಬಾಗಿಲು ಇಲ್ಲದ ಕೋಣೆಯನ್ನು ಈ ಕಾರ್ಯಕ್ಕೆ ಒಪ್ಪಲೇಬಾರದು. ಮಾಸ್ತರರು ನಿರಾಶರಾಗಿ ಹೊರಬಂದರು.

ಎರಡನೆಯ ಮನೆ ಅಲ್ಲಿಂದ ಸುಮಾರು 40 ಕಿಲೋಮೀಟರು ದೂರದ ಭಾಲ್ಕಿಯಲ್ಲಿತ್ತು. ಹೊಸ ಬಡಾವಣೆ, ಹೊಸ ಮನೆ. ಮಹಡಿಯ ಮೇಲೆ 12 ಅಡಿಗೆ 12 ಅಡಿಯ ಒಂಟಿ ಕೋಣೆ. ಗೋಡೆ ತುಂಬ ಕನ್ನಡಿ. ಓಡುವ ಯಂತ್ರಕ್ಕೆಂದು ಮೂಲೆಯಲ್ಲಿ ವಿದ್ಯುತ್ ಸಂಪರ್ಕವೂ ಸಿದ್ಧ. ನೋಡಿದೊಡನೆ ಮಾಸ್ತರರ ಮುಖ ಅರಳಿತು. ನನ್ನದು ಅರಳಲಿಲ್ಲ.

ಕೋಣೆಯ ಮೇಲೆ ಬರಿಯ ಕಾಂಕ್ರೀಟಿನ ಮಾಳಿಗೆ. ಪಡುವಣ ಗೋಡೆಗೆ ಯಾವ ನೆರಳೂ ಇಲ್ಲ. ಜನವರಿಯಲ್ಲಿ ಅದು ಸುಖವಾಗಿಯೇ ಇರುವುದು. ಏಪ್ರಿಲ್, ಮೇ ತಿಂಗಳುಗಳಲ್ಲಿ ಬಿಸಿಲು 40 ಡಿಗ್ರಿಗೆ ಏರಿದಾಗ ಹಗಲೆಲ್ಲ ಕಾದ ಆ ಮಾಳಿಗೆ ರಾತ್ರಿಯೆಲ್ಲ ಕಾವನ್ನು ಕೆಳಗೆ ಬಿಡುತ್ತಿರುತ್ತದೆ. ಚಳಿಗಾಲದಲ್ಲಿ ಮನೆ ನೋಡುವವರು ಬೇಸಗೆಯನ್ನು ನೆನೆದು ನೋಡಬೇಕು. ಪಡುವಣ ಗೋಡೆಗೆ ಸಂಜೆ ನಾಲ್ಕಕ್ಕೆ ಅಂಗೈ ಇಟ್ಟರೆ ಆ ಗೋಡೆಯೇ ಉತ್ತರ ಹೇಳುತ್ತದೆ.

ಎರಡನೆಯದು ಭಾರದ ಮಾತು. ವಾಸದ ಮನೆಯ ಮಹಡಿಯನ್ನು ಸಾಮಾನ್ಯವಾಗಿ ಚದರ ಮೀಟರಿಗೆ ಸುಮಾರು 200 ಕಿಲೋಗ್ರಾಂ ಭಾರಕ್ಕೆ ಲೆಕ್ಕ ಹಾಕಿ ಕಟ್ಟುತ್ತಾರೆ. ಚಾಪೆ ಹಾಸಿ ಸೂರ್ಯನಮಸ್ಕಾರ ಮಾಡುವುದಕ್ಕೆ ಅದು ಧಾರಾಳವಾಯಿತು. ಆದರೆ ಕಬ್ಬಿಣದ ತೂಕಗಳನ್ನು ಒಂದೆಡೆ ಪೇರಿಸಿ, ಎತ್ತಿ ಎತ್ತಿ ಕೆಡಹುವ ವ್ಯಾಯಾಮಕ್ಕೆ ನೆಲದಂತಸ್ತೇ ಲೇಸು. ಇನ್ನು ಓಡುವ ಯಂತ್ರದ ಹಿಂದೆ ಕಾಲು ಜಾರಿದವನು ಬೀಳುವುದಕ್ಕೆ ಆರು ಅಡಿ ತೆರವಿರಬೇಕು. ಮೊಮ್ಮಕ್ಕಳ ಬೆರಳು ಅದರ ಪಟ್ಟಿಗೆ ಸಿಕ್ಕದಂತೆ ಕೋಣೆಗೆ ಬೀಗವೂ ಬೇಕು.

ಮೂರನೆಯದನ್ನು ಅಂಗಳದಲ್ಲಿ ಕಂಡೆ. ಕಟ್ಟಿ ವರ್ಷವಾಗಿರದ ಗೋಡೆಯ ಬುಡದಿಂದ ಓರೆಯಾಗಿ ಬಿರುಕೊಂದು ಮೇಲೇರಿತ್ತು. ಈ ಕಡೆಯದು ಬಹುಪಾಲು ಕರಿಯ ಎರೆಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಗೆಗೆ ಕುಗ್ಗುತ್ತದೆ. ತಳಪಾಯ ಅದನ್ನರಿತು ಹಾಕಿದುದಾಗಿರದಿದ್ದರೆ ನೆಲ, ಗೋಡೆ ಎರಡೂ ಬಾಯಿ ಬಿಡುತ್ತವೆ. ಕನ್ನಡಿಯನ್ನು ನೋಡುವ ಮೊದಲು ಬಿರುಕನ್ನು ನೋಡಬೇಕು.

“ಹಂಗಾರ ಯಂತ್ರ ಇಲ್ಲದ ವ್ಯಾಯಾಮ ಹೆಂಗ್ರಿ?” ಎಂದು ಮಾಸ್ತರರು ಕೇಳಿದರು. ‘ರೂಪದರ್ಶಿ’, ‘ಶಾಂತಲಾ’ ಕಾದಂಬರಿಗಳನ್ನು ಬರೆದ ಕೆ. ವಿ. ಅಯ್ಯರ್ ಅವರನ್ನು ಓದುಗರು ಬಲ್ಲರು. ಬೆಂಗಳೂರಿನಲ್ಲಿ ಹೆಸರಾಂತ ವ್ಯಾಯಾಮಶಾಲೆಯನ್ನು ನಡೆಸಿದ ಅವರು ಅಂಚೆಯ ಮೂಲಕವೂ ಅಂಗಸಾಧನೆಯನ್ನು ಕಲಿಸುತ್ತಿದ್ದರು. ದೂರದ ಊರುಗಳವರು ತಮ್ಮ ಮನೆಯ ಕೋಣೆಯಲ್ಲಿಯೇ ನಿಂತು ಅವರ ಪಾಠದಂತೆ ಅಭ್ಯಾಸ ಮಾಡುತ್ತಿದ್ದರು. ಬೇಕಾದುದು ಯಂತ್ರವಲ್ಲ, ಗಾಳಿ, ಗಟ್ಟಿ ನೆಲ ಮತ್ತು ತಪ್ಪದ ವೇಳೆ.

ಕೊನೆಗೆ ಔರಾದದ ಹಿರಿಯರ ಮನೆಗೆ ಹೋದೆವು. ನಡುವೆ ವಿಶಾಲವಾದ ಅಂಗಳ, ಸುತ್ತ ಪಡಸಾಲೆ, ಮೇಲೆ ಮಣ್ಣಿನ ಮಾಳಿಗೆ. ತೆರೆದ ಆಕಾಶದ ಕೆಳಗಿನ ಆ ಅಂಗಳಕ್ಕಿಂತ ಒಳ್ಳೆಯ ವ್ಯಾಯಾಮಶಾಲೆ ಬೇರಿಲ್ಲವೆಂದುಕೊಂಡೆ. ಮಾಸ್ತರರು ಪಡಸಾಲೆಯ ತೊಲೆಗೆ ಜೋತಾಡುವ ಸರಳೊಂದನ್ನು ಹಾಕಿಸಬೇಕೆಂದರು. ಅದು ಮಾತ್ರ ಕೂಡದೆಂದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ನೆರೆಯ ಲಾತೂರ ಜಿಲ್ಲೆಯ ಕಿಲ್ಲಾರಿಯ ಸುತ್ತ ಭೂಮಿ ನಡುಗಿದಾಗ ಸಾವಿರಾರು ಜನರ ಪ್ರಾಣ ಹೋದುದು, ಮಣ್ಣಿನಲ್ಲಿ ಕಟ್ಟಿದ ಕಲ್ಲಿನ ಗೋಡೆ ಮತ್ತು ಅದರ ಮೇಲಿನ ಭಾರದ ಮಾಳಿಗೆ ಮೈಮೇಲೆ ಕುಸಿದುದರಿಂದ. ಇಂಥ ಹಳೆಯ ಮನೆಯ ತೊಲೆಗೆ ಹೊಸ ಭಾರ ಹಾಕಬಾರದು. ಕೊಳ್ಳುವುದಾಗಲಿ ಉಳಿಸಿಕೊಳ್ಳುವುದಾಗಲಿ, ಮೊದಲು ಬಲ್ಲ ಇಂಜಿನಿಯರಿಗೆ ತೋರಿಸಬೇಕು.

ಮಾಸ್ತರರು ನೆರೆಯವರೊಡನೆ ಮಾತಿಗೆ ನಿಂತಾಗ ಅವರ ಶ್ರೀಮತಿಯವರು ನನ್ನನ್ನು ಅಡಿಗೆಮನೆಯ ಬಾಗಿಲಿಗೆ ಕರೆದರು. ಮೂರು ಮನೆ ನೋಡುವವರೆಗೆ ಸುಮ್ಮನಿದ್ದವರು ಅಲ್ಲಿ ಬಾಯಿ ತೆರೆದರು.

“ಅಕ್ಕಾ, ಸಕ್ಕರಿ ಬಂದದ್ದು ಅವರಿಗಲ್ಲ, ನನಗ. ಡಾಕ್ಟರು ದಿನಾ ಅರ್ಧ ತಾಸು ಮೈ ಬೆವರಬೇಕು ಅಂದಾರ. ಅದಕ್ಕ ಇವರು ಖೋಲಿ ಹುಡುಕ್ಯಾಡ್ತಾರ. ಆದರ ಮಾಳಿಗಿ ಮ್ಯಾಲಿನ ಖೋಲಿ ಹತ್ತಲಿಕ್ಕೆ ಮೊಣಕಾಲು ಕೇಳಂಗಿಲ್ಲ. ಈ ಅಂಗಳದಾಗ ನಾನು ಕೈ ಎತ್ತಿ ಜಿಗದರ ಓಣಿ ಮಂದಿ ನಕ್ಕಾರು. ಮತ್ತ ಖೋಲಿ ಎಲ್ಲಿದ್ದರ ಏನು? ಮುಂಜಾನೆ ಐದರಿಂದ ಎಂಟರ ತನಕ ನನ್ನ ಒಲಿ ಮುಂದಿಂದ ಎಬ್ಬಸೋರು ಯಾರು?”

ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ನಾನು ಗೋಡೆ ನೋಡಿದೆ, ಗಾಳಿ ನೋಡಿದೆ, ಮಣ್ಣು ನೋಡಿದೆ. ಆ ಕೋಣೆ ಯಾರಿಗಾಗಿ ಎಂದು ಕೇಳಲಿಲ್ಲ. ಮಾಸ್ತರರೂ ಪ್ರೀತಿಯಿಂದಲೇ ಹುಡುಕುತ್ತಿದ್ದರು, ಆದರೆ ತಮ್ಮ ಮೈಯ ಅಳತೆಗೆ ಹುಡುಕುತ್ತಿದ್ದರು.

ಹಿಂದಿರುಗುವಾಗ ಮಾಸ್ತರರ ಮುಂದೆ ಆಕೆಯ ಮಾತನ್ನೇ ಇಟ್ಟೆ. ಅವರು ಬಹಳ ಹೊತ್ತು ಸುಮ್ಮನಿದ್ದು, “ಬೀದರದ ಮನಿ ಇನ್ನೊಮ್ಮೆ ನೋಡೋಣ್ರಿ” ಎಂದರು. ಈ ಸಲ ಮುಂದೆ ನಡೆದವರು ಅವರ ಶ್ರೀಮತಿ. ನಡುಕೋಣೆಯ ಕಡೆಗೆ ತಿರುಗಿಯೂ ನೋಡದೆ, ಬಂದವರಿಗೆಂದು ಮೀಸಲಾಗಿದ್ದ ಮುಂದಿನ ಕೋಣೆಗೆ ಹೋದರು. ಮೂಡಣಕ್ಕೆ ಕಿಟಕಿ, ಅದರೆದುರಿಗೆ ಬಾಗಿಲು, ಒಳಗಿನಿಂದ ಅಗುಳಿ. ವರ್ಷಕ್ಕೆ ನಾಲ್ಕು ಸಲ ಬರುವ ಅತಿಥಿಗಳಿಗೆ ಮನೆಯ ಅತ್ಯುತ್ತಮ ಕೋಣೆ, ದಿನವೂ ನಮ್ಮನ್ನು ಹೊತ್ತು ತಿರುಗುವ ದೇಹಕ್ಕೆ ಚೀಲಗಳ ಕತ್ತಲೆ! ಇದು ನಮ್ಮೆಲ್ಲರ ಮನೆಗಳ ಲೆಕ್ಕವಲ್ಲವೆ?

ಅಳತೆ ಹಿಡಿದೆವು. ಚಾಪೆಯ ಮೇಲೆ ಅಂಗಾತ ಮಲಗಿ ಕೈಗಳನ್ನು ತಲೆಯ ಹಿಂದಕ್ಕೆ ಚಾಚಿದರೆ 7 ಅಡಿ ಬೇಕು. ನಿಂತು ಎರಡೂ ತೋಳುಗಳನ್ನು ಅಗಲಿಸಿದರೆ ಅವರವರ ಎತ್ತರದಷ್ಟೇ ಬೇಕು. ಒಬ್ಬರಿಗೆ 8 ಅಡಿಗೆ 6 ಅಡಿ ತೆರವಿದ್ದರೆ ಸಾಕು. ಕೋಣೆ 10 ಅಡಿಗೆ 10 ಅಡಿ ಇದ್ದರೆ ಇಬ್ಬರೂ ನಿಲ್ಲಬಹುದು. ಎತ್ತಿದ ಕೈಯಲ್ಲಿ ಮುದ್ಗರವೋ ಹಗ್ಗವೋ ಇದ್ದರೆ ಅದು ನಡುಮಾಳಿಗೆಯ ಪಂಖಕ್ಕೆ ತಗಲೀತು, ಆದುದರಿಂದ ಪಂಖ ಗೋಡೆಗಿರಲಿ. ಶಹಾಬಾದ ಫರಸಿಯ ಮೇಲೆ ಜಮಖಾನ ಜಾರುವುದರಿಂದ ದಪ್ಪನೆಯ ರಬ್ಬರಿನ ಚಾಪೆ ಹಾಸಬೇಕು. ಇವಿಷ್ಟಕ್ಕೂ ತಗಲುವ ವೆಚ್ಚ ಓಡುವ ಯಂತ್ರದ ಬೆಲೆಯ ಅಲ್ಪ ಭಾಗವೂ ಆಗದು.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ವಯಸ್ಕರಿಗೆ ಹೇಳಿದುದು ವಾರಕ್ಕೆ ಕನಿಷ್ಠ 150 ನಿಮಿಷಗಳ ಹದವಾದ ವ್ಯಾಯಾಮ, ಜೊತೆಗೆ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ಅಭ್ಯಾಸ. ವರ್ಷಕ್ಕೆ ಲೆಕ್ಕ ಹಾಕಿದರೆ 130 ಗಂಟೆ. ಕೋಣೆಗೆ ಹಣ ಕೊಡುವವರು ಈ 130 ಗಂಟೆಗಳನ್ನು ಮನೆಯಲ್ಲಿ ಯಾರು, ಯಾರಿಗೆ ಬಿಡಿಸಿ ಕೊಡುತ್ತಾರೆಂಬುದನ್ನೂ ಅಂದೇ ತೀರ್ಮಾನಿಸಬೇಕು. ಸಕ್ಕರೆ, ರಕ್ತದೊತ್ತಡಗಳಿಗೆ ಔಷಧ ತೆಗೆದುಕೊಳ್ಳುವವರು ಎಷ್ಟರಿಂದ ಆರಂಭಿಸಬೇಕೆಂದು ತಮ್ಮ ವೈದ್ಯರನ್ನು ಕೇಳತಕ್ಕದ್ದು.

ಇಂಜಿನಿಯರು ನೋಡಿ ಸಮ್ಮತಿಸಿದ ಮೇಲೆ ಬೀದರದ ಮನೆಯೇ ಗೊತ್ತಾಯಿತು. ಯುಗಾದಿ ಕಳೆದು ಒಂದು ಮುಂಜಾನೆ ಹೋಗಿದ್ದೆ. ಮುಂದಿನ ಕೋಣೆಯ ಅಗುಳಿ ಒಳಗಿನಿಂದ ಹಾಕಿತ್ತು. ಮಾಸ್ತರರು ಒಲೆಯ ಮುಂದೆ ನಿಂತು, ಹೆಸರುಬೇಳೆಯೋ ತೊಗರಿಬೇಳೆಯೋ ತಿಳಿಯದೆ ಎರಡು ಡಬ್ಬಿಗಳನ್ನು ಕೈಯಲ್ಲಿ ಹಿಡಿದಿದ್ದರು.

“ಆಕಿನ್ನ ಕೇಳಿ ಬರಲೇನು?” ಎಂದೆ.

“ಬ್ಯಾಡ್ರಿ, ಅಕ್ಕಾರ. ಇನ್ನೂ ಹತ್ತು ನಿಮಿಷ ಅದ” ಎಂದು, ಅವರು ಎರಡನ್ನೂ ಬೆರೆಸಿ ಕುಕ್ಕರಿಗೆ ಹಾಕಿದರು.