ಧ್ವನಿಗೂ ಬೇಕು ಸ್ವಂತ ಕಪಾಟು

2024ರಲ್ಲಿ ಗೂಗಲ್ ಪಾಡ್‌ಕಾಸ್ಟ್ಸ್ ಮುಚ್ಚಿದಾಗ ಕೇಳುಗರಿಗೆ ತಮ್ಮ ಚಂದಾಪಟ್ಟಿಯನ್ನು ಕೊಂಡೊಯ್ಯುವ ಅವಕಾಶವಿತ್ತು. ಆದರೆ ಪಟ್ಟಿಯೆಂದರೆ ಬರಿಯ ವಿಳಾಸ. ನಿರ್ಮಾಪಕರು ಸಂಚಿಕೆಯನ್ನು ತೆಗೆದುಹಾಕಿದರೆ ವಿಳಾಸವಿದ್ದೂ ಮನೆಯಿಲ್ಲ. ಹೊರನಾಡಿನ ಮಕ್ಕಳಿಗೆ ಕನ್ನಡವನ್ನು ಕಿವಿಯ ಮೂಲಕವೇ ಉಣಿಸಬೇಕಾದ ನಮ್ಮಂಥ ಸಂಘಗಳು ಇದನ್ನು ಯೋಚಿಸಬೇಕು.

ಸ್ವಂತ ಗಣಕದಲ್ಲಿ ನಡೆಸುವ ತಂತ್ರಾಂಶಗಳಲ್ಲೂ ಭೇದವಿದೆ. ನೆಕ್ಸ್ಟ್‌ಕ್ಲೌಡ್‌ನ ಜಿಪಾಡರ್ ಸಿಂಕ್ ಚಂದಾಪಟ್ಟಿಯನ್ನೂ ಕೇಳಿ ನಿಲ್ಲಿಸಿದ ಜಾಗವನ್ನೂ ಮಾತ್ರ ನೆನಪಿಡುತ್ತದೆ. ಆಡಿಯೋಬುಕ್‌ಶೆಲ್ಫ್ ಸಂಚಿಕೆಗಳನ್ನೇ ಇಳಿಸಿಕೊಂಡು ಸಾಮಾನ್ಯ ಧ್ವನಿಕಡತಗಳಾಗಿ ಇಡುತ್ತದೆ. ನಾಳೆ ಆ ತಂತ್ರಾಂಶ ನಿಂತರೂ ಕಡತ ಉಳಿಯುತ್ತದೆ. ಆದ್ದರಿಂದ ನನ್ನ ಮತ ಎರಡನೆಯದಕ್ಕೆ.

ಎರಡೂ ಉಚಿತವೇ, ದುಡಿಮೆ ಮಾತ್ರ ಉಚಿತವಲ್ಲ. ಡಿಸ್ಕ್ ಕೆಟ್ಟರೆ ದೂರಲು ಅನ್ಯರಿಲ್ಲ. ಇನ್ನೊಂದು ಪ್ರತಿಯನ್ನು ಬೇರೆಡೆ ಕಾಪಿಡುವ ಹೊಣೆಯನ್ನು ಯಾರಾದರೊಬ್ಬ ಸದಸ್ಯರು ಹೊರುವುದಾದರೆ ಮಾತ್ರ ಈ ಕೆಲಸಕ್ಕೆ ಕೈಹಾಕೋಣ.