ಬಲೆಗೆ ಸಿಕ್ಕ ಕಡಲಹಂದಿ

ವಾಗ್ಳೆ ಎಸ್ಟೇಟಿನ ಕಾರ್ಖಾನೆಗಳಿಗೆ ಮಧ್ಯಾಹ್ನದ ಬಿಡುವು ದೊರೆತೊಡನೆ ನಮ್ಮವರ ಊಟದ ಹೋಟೆಲುಗಳಲ್ಲಿ ಬಂಗುಡೆಯ ಸಾರಿಗೆ ಬೇಡಿಕೆ ಏಳುತ್ತದೆ. ಬಡಿಸುವವರೂ ಉಣ್ಣುವ ಗುಮಾಸ್ತರೂ ಮೀನಿನ ದರವನ್ನು ಕುರಿತು ಮಾತನಾಡುವುದುಂಟು. ಆ ಮೀನಿಗಾಗಿ ಬಿಟ್ಟ ಬಲೆಯಲ್ಲಿ ಮತ್ತಾವ ಜೀವ ಸಿಕ್ಕಿತೆಂಬ ವಿಚಾರ ಮಾತ್ರ ಹೊಳೆಯುವುದಿಲ್ಲ. ಇದು ಯಾರ ತಪ್ಪೂ ಅಲ್ಲ. ಆದರೆ ಕಡಲ ದಂಡೆಯಿಂದ ಬಂದು ಮೀನಿನ ಊಟ ಬಡಿಸಿ ಬದುಕುವವರು ಅನೇಕರಿರುವ ನಮ್ಮ ಸಮಾಜವು ಇದನ್ನು ತಿಳಿದಿರುವುದು ಯುಕ್ತವೆಂದು ನಾವು ಭಾವಿಸುತ್ತೇವೆ.

ಕೊಂಕಣದಿಂದ ಮಂಗಳೂರಿನವರೆಗಿನ ಆಳವಿಲ್ಲದ ಕರಾವಳಿಯ ನೀರಿನಲ್ಲಿ ಬೆನ್ನುರೆಕ್ಕೆಯಿಲ್ಲದ ಕಡಲಹಂದಿ ವಾಸಿಸುತ್ತದೆ. ಅದು ಹಂದಿಯೂ ಅಲ್ಲ, ಮೀನೂ ಅಲ್ಲ. ಡಾಲ್ಫಿನ್ನಿನ ದಾಯಾದಿ, ಮರಿಗೆ ಹಾಲೂಡಿಸುವ ಪ್ರಾಣಿ. ಸುಮಾರು ಒಂದೂವರೆ ಮೀಟರಿನ ಬೂದುಬಣ್ಣದ ದೇಹ, ಕೊಕ್ಕಿಲ್ಲದ ದುಂಡು ತಲೆ. ಸಣ್ಣ ಮೀನು, ಸಿಗಡಿ, ಬೊಂಡಾಸು ಇದರ ಆಹಾರ. ಸುಮಾರು 11 ತಿಂಗಳು ಗರ್ಭ ಧರಿಸಿ ಒಂದೇ ಮರಿಯನ್ನು ಈಯುತ್ತದೆ. ಆದುದರಿಂದ ಇದರ ಸಂಖ್ಯೆ ಒಮ್ಮೆ ಕುಗ್ಗಿದರೆ ಬಂಗುಡೆಯ ಸಂತಾನದಂತೆ ಬೇಗನೆ ತುಂಬಿಬರಲಾರದು. ಉಸಿರಿಗಾಗಿ ಇದು ಪದೇ ಪದೇ ನೀರಿನ ಮೇಲಕ್ಕೆ ಬರಲೇಬೇಕು. ನೀರಿನಲ್ಲಿ ಗೋಡೆಯಂತೆ ಇಳಿಬಿಟ್ಟ ಬಲೆಗೆ ಸಿಕ್ಕಿಕೊಂಡರೆ ಉಸಿರುಗಟ್ಟಿ ಸಾಯುತ್ತದೆ.

ಹೀಗೇಕೆ ಆಗುತ್ತದೆಂಬುದನ್ನು ಯೂರೋಪು ಅಮೆರಿಕಗಳ ವಿಜ್ಞಾನಿಗಳು ತಮ್ಮ ತೀರದ ಕಡಲಹಂದಿಯಲ್ಲಿ ಪರೀಕ್ಷಿಸಿದ್ದಾರೆ. ಡೆನ್ಮಾರ್ಕಿನಲ್ಲಿ ಅದರ ಮೈಗೆ ಚಿಕ್ಕ ಉಪಕರಣಗಳನ್ನು ಅಂಟಿಸಿ ನಡೆಸಿದ ಅಧ್ಯಯನವು 2016ರಲ್ಲಿ ಪ್ರಕಟವಾಯಿತು. ಗಂಟೆಗೆ 550ರಷ್ಟು ಸಣ್ಣ ಮೀನುಗಳನ್ನು ಅದು ಬೆನ್ನಟ್ಟುವುದುಂಟೆಂದು ಅದರಿಂದ ತಿಳಿದುಬಂದಿತು. ಹಗಲಿರುಳು ತಿನ್ನುತ್ತಲೇ ಇರಬೇಕಾದ ಪ್ರಾಣಿಯು ಮೀನಿರುವಲ್ಲಿಗೇ ಹೋಗಬೇಕು. ಬಲೆ ಇರುವುದೂ ಅಲ್ಲಿಯೇ. 1994ರಲ್ಲಿ ಅಮೆರಿಕದ ಮೇನ್ ಕೊಲ್ಲಿಯಲ್ಲಿ ಬಲೆಗಳಿಗೆ ಸದ್ದು ಮಾಡುವ ಸಣ್ಣ ಯಂತ್ರಗಳನ್ನು ಕಟ್ಟಿ ನೋಡಿದರು. ಸದ್ದಿಲ್ಲದ ಬಲೆಗಳಲ್ಲಿ 25 ಕಡಲಹಂದಿಗಳು ಸತ್ತರೆ, ಸದ್ದಿನ ಬಲೆಗಳಲ್ಲಿ ಸತ್ತವು ಎರಡೇ. ಉಪಾಯ ಉಂಟು, ತಡಮಾಡಿದರೆ ಉಪಾಯವಿದ್ದೂ ಫಲವಿಲ್ಲ. ಮೆಕ್ಸಿಕೋ ದೇಶದ ವಾಕಿಟಾ ಎಂಬ ಕಡಲಹಂದಿಯು ಇಂತಹ ಬಲೆಗಳಿಂದಲೇ ಅಳಿಯುತ್ತ ಬಂದು, 2023ರ ಸಮೀಕ್ಷೆಯಲ್ಲಿ ಕಂಡುಬಂದವು ಹತ್ತು ಹದಿಮೂರು ಮಾತ್ರ.

ನಮ್ಮಲ್ಲಿಯೂ ಕೆಲಸ ನಡೆಯದೆ ಇಲ್ಲ. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯು ಭಾರತದ ಕಡಲಿನ ಸಸ್ತನಿಗಳನ್ನು ಕುರಿತ ಗ್ರಂಥವನ್ನು 2012ರಲ್ಲಿ ಹೊರತಂದಿತು. ಸಿಂಧುದುರ್ಗದ ಕಡಲಿನಲ್ಲಿ ತರುಣ ಸಂಶೋಧಕರು ದೋಣಿಯೇರಿ ಡಾಲ್ಫಿನ್ನುಗಳನ್ನೂ ಕಡಲಹಂದಿಗಳನ್ನೂ ಎಣಿಸಿದ್ದಾರೆ. ಆದರೆ ನೀರಿನಿಂದ ನೆಗೆಯದ, ಬೆನ್ನುರೆಕ್ಕೆಯಿಲ್ಲದ, ಒಂಟಿಯಾಗಿಯೋ ಜೊತೆಯಾಗಿಯೋ ತಿರುಗುವ ಈ ಪ್ರಾಣಿ ಕಣ್ಣಿಗೆ ಬೀಳುವುದೇ ಕಷ್ಟ. ಆದುದರಿಂದ ಸತ್ತು ದಡಕ್ಕೆ ಬಂದ ದೇಹವೇ ವಿಜ್ಞಾನಿಗೆ ಪಠ್ಯಪುಸ್ತಕವಾಗಿದೆ. ಹಲ್ಲಿನಿಂದ ವಯಸ್ಸನ್ನೂ ಹೊಟ್ಟೆಯಿಂದ ಆಹಾರವನ್ನೂ ಚರ್ಮದ ಗಾಯದಿಂದ ಮರಣದ ಕಾರಣವನ್ನೂ ಅವನು ಓದುತ್ತಾನೆ.

ಇಲ್ಲಿಯೇ ತೊಡಕು ಇರುವುದು. 1972ರ ವನ್ಯಜೀವಿ ಸಂರಕ್ಷಣಾ ಕಾನೂನಿನ ಮೊದಲನೆಯ ಅನುಸೂಚಿಯಲ್ಲಿ ಈ ಪ್ರಾಣಿಯ ಹೆಸರಿದೆ. ಇದನ್ನು ಬೇಟೆಯಾಡಿದವನಿಗೆ 3ರಿಂದ 7 ವರ್ಷಗಳ ಸೆರೆಮನೆ. ಕಾನೂನು ಇರಬೇಕಾದುದೇ. ಆದರೆ ಬೇಡದೆ ಬಲೆಗೆ ಬಿದ್ದ ಹೆಣವನ್ನು ಕಂಡ ಮೀನುಗಾರನು, ಬೇಟೆಗೂ ಅಪಘಾತಕ್ಕೂ ಇರುವ ಭೇದವನ್ನು ಅಧಿಕಾರಿಗಳು ಒಪ್ಪುವರೋ ಇಲ್ಲವೋ ಎಂಬ ಅಂಜಿಕೆಯಿಂದ ಅದನ್ನು ಸದ್ದಿಲ್ಲದೆ ನೀರಿಗೆ ಹಾಕಿಬಿಟ್ಟರೆ ಅವನನ್ನು ದೂರುವುದು ಹೇಗೆ? ಹಾಗೆ ಮುಳುಗಿದ ಪ್ರತಿಯೊಂದು ದೇಹದೊಡನೆ ನಮಗೆ ದೊರೆಯಬೇಕಾಗಿದ್ದ ತಿಳಿವಳಿಕೆಯೂ ಮುಳುಗುತ್ತದೆ.

ಮಹಾರಾಷ್ಟ್ರ ಸರಕಾರವು 2018ರ ಡಿಸೆಂಬರಿನಲ್ಲಿ ಒಂದು ವಿವೇಕದ ಹೆಜ್ಜೆಯಿಟ್ಟಿತು. ಸಂರಕ್ಷಿತ ಕಡಲಜೀವಿಯನ್ನು ಬಿಡಿಸಲು ಬಲೆಯನ್ನು ಕತ್ತರಿಸಿದ ಮೀನುಗಾರನಿಗೆ ರೂ. 25,000ದವರೆಗೆ ಪರಿಹಾರ ಕೊಡುವ ಯೋಜನೆ ಅದು. ಮೀನುಗಾರನನ್ನು ಅಪರಾಧಿಯೆಂದಲ್ಲ, ರಕ್ಷಕನೆಂದು ಕಂಡ ಈ ದೃಷ್ಟಿಯನ್ನು ನಾವು ಹೃತ್ಪೂರ್ವಕವಾಗಿ ಮೆಚ್ಚುತ್ತೇವೆ. ಆದರೆ ಬಲೆ ಮೇಲೆಳೆಯುವ ವೇಳೆಗೆ ಜೀವವಿದ್ದರೆ ತಾನೆ ಬಿಡಿಸುವುದು? ಇರುಳೆಲ್ಲ ನೀರಿನಲ್ಲಿದ್ದ ಬಲೆಯಲ್ಲಿ ಕಡಲಹಂದಿ ಜೀವದಿಂದ ಉಳಿದಿರುವುದು ದುರ್ಲಭ. ಆದುದರಿಂದ ಪರಿಹಾರ ಒಂದೇ ಸಾಲದು. ಸತ್ತ ಪ್ರಾಣಿಯನ್ನು ತಂದೊಪ್ಪಿಸಿದವನಿಗೆ ಯಾವ ತೊಂದರೆಯೂ ಆಗದೆಂಬ ಸ್ಪಷ್ಟ ಅಭಯವಿರಬೇಕು. ಸದ್ದಿನ ಯಂತ್ರಗಳನ್ನು ನಮ್ಮ ನೀರಿನಲ್ಲಿ ಸರಕಾರದ ವೆಚ್ಚದಿಂದ ಪರೀಕ್ಷಿಸಬೇಕು. ಕಾರವಾರ, ಗಂಗೊಳ್ಳಿ, ಮಲ್ಪೆಗಳಲ್ಲಿಯೂ ಇದೇ ನೀತಿ ನಡೆಯಬೇಕು. ಕಡಲಹಂದಿಗೆ ರಾಜ್ಯದ ಗಡಿ ತಿಳಿಯದು.

ವೆಚ್ಚವೆಂದೊಡನೆ ಆಕ್ಷೇಪ ಏಳುವುದು ಸಹಜ. ಡೀಸೆಲಿನ ಬೆಲೆಯಲ್ಲಿ ನಲುಗಿರುವ ಮೊಗವೀರನ ಮೇಲಾಗಲಿ ಕೋಲಿಯ ಮೇಲಾಗಲಿ ಇದನ್ನು ಹೊರಿಸುವುದು ಅನ್ಯಾಯ. ಮೀನು ತಿನ್ನುವ ಪಟ್ಟಣವೂ ಅದರಲ್ಲಿ ಪಾಲುಗೊಳ್ಳುವುದೇ ಧರ್ಮ.

ನಮ್ಮ ಪಕ್ಕದ ಠಾಣೆ ಖಾಡಿಯನ್ನು ನೋಡಿ. ಅಲ್ಲಿಗೆ ಬರುವ ಫ್ಲೆಮಿಂಗೋ ಪಕ್ಷಿಗಳ ಚೆಲುವನ್ನು ಜನರು ಕಂಡರು, ಮೆಚ್ಚಿದರು. 2015ರಲ್ಲಿ ಆ ಜಾಗ ಅಭಯಾರಣ್ಯವಾಯಿತು, 2022ರಲ್ಲಿ ರಾಮ್‌ಸರ್ ತಾಣವಾಯಿತು. ಕಡಲಹಂದಿಗೆ ತನ್ನನ್ನು ತೋರಿಸಿಕೊಳ್ಳುವ ಭಾಗ್ಯವಿಲ್ಲ. ಅದರ ಪರವಾಗಿ ತಿಳಿದವರೇ ಮಾತನಾಡಬೇಕು. ವಾಚಕರಲ್ಲಿ ಅನೇಕರ ಬಂಧುಗಳು, ನೆರೆಹೊರೆಯವರು ಇಂದಿಗೂ ಕಡಲಿಗಿಳಿಯುವವರು. ಮುಂದಿನ ರಜೆಯಲ್ಲಿ ಊರಿಗೆ ಹೋದಾಗ ದಕ್ಕೆಯಲ್ಲಿ ಅವರೊಡನೆ ಈ ಮಾತನ್ನು ಎತ್ತಿರಿ. ದಡಕ್ಕೆ ಬಂದ ದೇಹವನ್ನು ಹೂತುಬಿಡುವ ಮೊದಲು ಅರಣ್ಯ ಇಲಾಖೆಗೋ ಮೀನುಗಾರಿಕಾ ಸಂಶೋಧಕರಿಗೋ ತಿಳಿಸುವಂತೆ ಹೇಳಿರಿ. ಅವರು ಹೇಳುವ ಕಷ್ಟಗಳನ್ನೂ ಕೇಳಿಕೊಂಡು ಬನ್ನಿರಿ. ಕಡಲನ್ನು ಅವರಷ್ಟು ಬಲ್ಲವರಿಲ್ಲ. ಅವರನ್ನು ಹೊರಗಿಟ್ಟು ನಡೆಸಿದ ಯಾವ ಸಂರಕ್ಷಣೆಯೂ ಬಹುಕಾಲ ನಿಲ್ಲಲಾರದೆಂಬುದೇ ನಮ್ಮ ದೃಢವಾದ ಅಭಿಪ್ರಾಯ.